ಬಾಗಿಲು ಹಾಕಿಕೊಂಡು ಮಾಡುವ ಕೆಲಸ

ಸವಣೂರಿನಲ್ಲಿ ಗಾದಿ ಹೊಲಿಯುವ ಕುಲಸುಮಬಿಯ ಮನೆ ಯಾವುದೆಂದು ಯಾರಾದರೂ ಕೇಳಿದರೆ, ಹೋದ ವರ್ಷದವರೆಗೂ ಓಣಿಯವರು ಒಂದೇ ಗುರುತು ಹೇಳುತ್ತಿದ್ದರು: ಹಾಡಹಗಲಲ್ಲೂ ಕದ ಹಾಕಿರುವ ಮನೆ. ಹತ್ತಿರ ಹೋದರೆ ಒಳಗಿನಿಂದ ಬಡಿಗೆಯ ಸದ್ದು ಕೇಳುತ್ತಿತ್ತು. ಕದ ಬಡಿದ ಕೂಡಲೇ ತೆರೆಯುತ್ತಿರಲಿಲ್ಲ. ಬಿಚ್ಚಿ ಹರವಿದ ಗಾದಿಯ ಮೇಲೆ ಚಾದರ ಮುಚ್ಚಿ, ಹುಬ್ಬಿಗೆ, ಸೆರಗಿಗೆ ಹತ್ತಿದ ಅರಳೆ ಕೊಡವಿಕೊಂಡು ಆಕೆ ಬಂದು ಒಂದು ಕದವನ್ನಷ್ಟೇ ಸರಿಸಿ ಮಾತಾಡಿಸುತ್ತಿದ್ದಳು.

ಹಾಗೆ ಬಾಗಿಲು ಹಾಕುವುದನ್ನು ಕಲಿಸಿದವನು ಗಂಡ ಜಮಾಲಸಾಬ. ಅವರದು ಅರಳೆ ಹಿಂಜುವ ಪಿಂಜಾರರ ಮನೆತನ. ಜಮಾಲಸಾಬನ ಕಾಲಕ್ಕೆ ಗೋಡೆಗೆ ತೂಗುಹಾಕಿದ ದೊಡ್ಡ ಬಿಲ್ಲಿನ ಹುರಿಯನ್ನು ಮೀಟಿ ಮೀಟಿ ಅರಳೆ ಬಿಡಿಸುತ್ತಿದ್ದರು. ಆಮೇಲೆ ಪೇಟೆಯಲ್ಲಿ ಹಿಂಜುವ ಯಂತ್ರ ಬಂತು, ಬಿಲ್ಲು ಅಟ್ಟ ಸೇರಿತು. ಆದರೂ ಹಳೆಯ ಗಾದಿಯನ್ನು ಬಿಚ್ಚುವುದು, ಗಂಟುಗಟ್ಟಿದ ಅರಳೆಯನ್ನು ಬಡಿದು ಸಡಿಲಿಸುವುದು, ಕೆಟ್ಟದ್ದನ್ನು ಬೇರೆ ಮಾಡುವುದು, ಯಂತ್ರದಿಂದ ಬಂದ ಮೇಲೆ ತುಂಬಿ ದಬ್ಬಣದಿಂದ ಹೊಲಿಯುವುದು, ಇಷ್ಟೂ ಮನೆಯ ಕೆಲಸವೇ ಆಗಿ ಉಳಿಯಿತು. ಜಮಾಲಸಾಬ ತೀರಿಕೊಂಡ ಮೇಲೆ ಆ ಕೆಲಸವನ್ನು ಕುಲಸುಮಬಿ ಒಬ್ಬಳೇ ನಡೆಸಿಕೊಂಡು ಬಂದಳು.

ಹಳೆಯ ಗಾದಿಯೊಂದರ ಹೊಲಿಗೆ ಬಿಚ್ಚಿದರೆ ಒಂದು ಸಂಸಾರದ ಒಳಗೇ ಬಿಚ್ಚಿಕೊಳ್ಳುತ್ತದೆ. ಮನೆಯಲ್ಲಿ ಯಾರು ಬಹಳ ದಿನ ಹಾಸಿಗೆ ಹಿಡಿದಿದ್ದರು, ಯಾವ ಮುದುಕರಿಗೆ ಎದ್ದು ಹೊರಗೆ ಹೋಗುವ ಶಕ್ತಿ ಇರಲಿಲ್ಲ, ಎಲ್ಲ ತಿಳಿಯುತ್ತದೆ. ಇಬ್ಬರು ಮಲಗುವ ಗಾದಿ ಒಂದೇ ಮಗ್ಗುಲಿಗೆ ಕುಗ್ಗಿದ್ದರೆ ಗಂಡಹೆಂಡಿರ ನಡುವೆ ಏನಾಗಿದೆ ಎಂದು ಬೇರೆಯವರು ಹೇಳಬೇಕಾಗಿಲ್ಲ. ಆದ್ದರಿಂದಲೇ ಮಂದಿಯ ಹಾಸಿಗೆಯನ್ನು ನಾಲ್ಕು ಜನ ಓಡಾಡುವಲ್ಲಿ ಬಿಚ್ಚಬಾರದು ಎಂದು ಜಮಾಲಸಾಬ ಮದುವೆಯಾದ ಹೊಸತರಲ್ಲೇ ಹೆಂಡತಿಗೆ ಹೇಳಿದ್ದ. ಗವಸಿನಿಂದ ಹೊರಬಿದ್ದು, ಕಲೆ ಹಿಡಿದದ್ದು ಬೇರೆಯಾಗಿ, ಉಳಿದದ್ದು ಒಂದರೊಳಗೊಂದು ಬೆರೆತ ಮೇಲೆ ಅರಳೆಗೆ ಯಾರ ಮನೆಯ ಹೆಸರೂ ಇರುವುದಿಲ್ಲ. ಅಲ್ಲಿಯವರೆಗೆ ಅದು ಇನ್ನೊಬ್ಬರ ಮಾನ. ಕುಲಸುಮಬಿ ಈ ಮಾತನ್ನು ನಮಾಜಿನಷ್ಟೇ ನಿಷ್ಠೆಯಿಂದ ಪಾಲಿಸಿದಳು. ಪಡಸಾಲೆಯ ಕದ ಹಾಕಿದಳು, ಕಿಟಕಿಗೆ ಹಲಗೆ ಬಡಿಸಿದಳು. ಅರಳೆ ಹಾರಿ ಹೋಗದಿರಲೆಂದು ಮಾಳಿಗೆಯ ಬೆಳಕಿಂಡಿಗೂ ಚಿಂದಿ ತುರುಕಿದಳು.

ಇಷ್ಟಾದರೂ ಆಕೆಯ ಮನೆಯನ್ನು ಹೊಲಸು ಎಂದವರಿಲ್ಲ. ಬೆಳಗ್ಗೆ ಒಮ್ಮೆ, ಗಾದಿ ಬಡಿದಾದ ಮೇಲೆ ಒಮ್ಮೆ, ದೀಪ ಹಚ್ಚುವ ಮೊದಲು ಒಮ್ಮೆ ಕಸಬರಿಗೆ ಆಡಿಸುತ್ತಿದ್ದಳು. ಗುರುವಾರ ಸಂಜೆ ಕೆಂಡದ ಮೇಲೆ ಲೋಬಾನ ಹಾಕಿ, ಮೂಲೆಮೂಲೆಗೂ ಹೊಗೆ ಹಿಡಿದು, ಅದು ಹೊರಗೆ ಹೋಗದಂತೆ ಕದ ಎಳೆದುಕೊಳ್ಳುತ್ತಿದ್ದಳು. ಆ ವಾಸನೆಗೆ ಮನೆಯ ಗಾಳಿ ತೊಳೆದಂತಾಗುತ್ತದೆ ಎಂಬುದು ಆಕೆಯ ನಂಬಿಕೆ. ಬೆಳಗ್ಗೆ ಎದ್ದ ಕೂಡಲೇ ಬರುವ ಒಣ ಕೆಮ್ಮನ್ನು ಕಸಬಿನ ಕೆಮ್ಮು ಎಂದು ಕರೆದು, ಚಹಾ ಕುಡಿದರೆ ಹೋಗುತ್ತದೆ ಎನ್ನುತ್ತಿದ್ದಳು.

ಮಗ ಇನಾಯತ ಸರಕು ಸಾಗಿಸುವ ಆಟೊ ಓಡಿಸುತ್ತಾನೆ. ಸವಣೂರಿನ ವೀಳ್ಯದೆಲೆಯ ಪೆಂಡಿಗಳನ್ನು ಶಿಗ್ಗಾವಿಗೋ ಹಾನಗಲ್ಲಿಗೋ ಮುಟ್ಟಿಸಿ ಮಧ್ಯಾಹ್ನಕ್ಕೆ ಮನೆಗೆ ಬರುತ್ತಾನೆ. ಅವನ ಹೆಂಡತಿ ಫರ್ಜಾನಾ ದುಂಡಸಿಯವಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳು ಮಳೆಗಾಲದ ಕೊನೆಗೆ ಹೆಣ್ಣುಕೂಸನ್ನು ಎತ್ತಿಕೊಂಡು ಬಂದಳು. ಕೂಸಿಗೆ ಶಾಹೀನ ಎಂದು ಹೆಸರಿಟ್ಟಿದ್ದರು. ಕುಲಸುಮಬಿ ಹೊಸ ಅರಳೆ ತರಿಸಿ, ಅಂಗೈಯಲ್ಲಿ ತಿಕ್ಕಿ ತಿಕ್ಕಿ ಬೀಜದ ಚೂರೂ ಇಲ್ಲದಂತೆ ಮಾಡಿ, ಮೊಮ್ಮಗಳಿಗೆಂದು ಪುಟ್ಟ ಗಾದಿ ಹೊಲಿದಿದ್ದಳು. ತೊಟ್ಟಿಲನ್ನು ಪಡಸಾಲೆಯಲ್ಲೇ ಕಟ್ಟಿದರು. ಕೈಗೆ ಕೆಲಸವೂ ಕಣ್ಣಿಗೆ ಕೂಸೂ ಇರಬೇಕೆಂದು ಅಜ್ಜಿಯ ಆಸೆ.

ಬಂದ ವಾರದೊಳಗೆ ಕೂಸಿನ ಎದೆ ಗೊರಗೊರ ಎನ್ನತೊಡಗಿತು. ಹಾಲು ಕುಡಿಯುತ್ತ ಕುಡಿಯುತ್ತ ಮೊಲೆ ಬಿಟ್ಟು ಬಾಯಿಂದ ಉಸಿರೆಳೆಯುತ್ತಿತ್ತು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಶಿಗ್ಗಾವಿಗೆ ಕರೆದೊಯ್ದರು. ಅಲ್ಲಿಯ ಡಾಕ್ಟರಮ್ಮ ಕೂಸಿನ ಎದೆಯ ಮೇಲೆ ಬಹಳ ಹೊತ್ತು ಕೊಳವೆ ಇಟ್ಟು ಕೇಳಿದಳು. ಆಮೇಲೆ ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ವಿಚಾರಿಸಿದಳು. ಫರ್ಜಾನಾ ಹೇಳಿದ್ದನ್ನೆಲ್ಲ ಕೇಳಿ, ಔಷಧ ಬರೆದುಕೊಟ್ಟು, ಇಷ್ಟು ಸಣ್ಣ ಕೂಸಿಗೆ ಅರಳೆಯ ಧೂಳೂ ಆಗುವುದಿಲ್ಲ, ಹೊಗೆಯೂ ಆಗುವುದಿಲ್ಲ, ಗಾಳಿ ಆಡುವ ಜಾಗದಲ್ಲಿ ಮಲಗಿಸಿ ಎಂದಳು. ದನಿಯಲ್ಲಿ ಬೈಗುಳವೇನೂ ಇರಲಿಲ್ಲ. ಆದರೂ ಕುಲಸುಮಬಿಗೆ ಚುಚ್ಚಿತು. ಬಸ್ಸಿನಲ್ಲಿ ಸವಣೂರು ಬರುವವರೆಗೂ ತನ್ನ ಮನೆಯಲ್ಲಿ ಧೂಳೆಲ್ಲಿಂದ ಬಂತು ಎಂದು ಒಂದೇ ಸಮನೆ ಗೊಣಗಿದಳು.

ಮನೆಗೆ ಬಂದವಳು ಡಾಕ್ಟರಮ್ಮನ ಮಾತು ಸುಳ್ಳೆಂದು ತೋರಿಸಲು ಹಟ ತೊಟ್ಟಳು. ಮೂರು ಹೊತ್ತು ಗುಡಿಸುತ್ತಿದ್ದವಳು ಅಡಿಗಡಿಗೆ ಗುಡಿಸತೊಡಗಿದಳು. ತೊಟ್ಟಿಲ ಕೆಳಗೆ, ಗೋಡೆಯ ಸಂದಿಗೆ, ಜಂತಿಗೆ ಒಣ ಕಸಬರಿಗೆ ಬಡಿದಳು. ಲೋಬಾನಕ್ಕೆ ಗುರುವಾರವನ್ನೂ ಕಾಯಲಿಲ್ಲ, ದಿನಾ ಸಂಜೆ ಹಾಕಿದಳು. ಕೂಸಿನ ಕಣ್ಣಿಗೆ ಹೊಗೆ ತಾಗದಿರಲೆಂದು ತೊಟ್ಟಿಲಿಗೆ ದಪ್ಪ ಚಾದರ ಹೊದಿಸಿದಳು. ಅಷ್ಟು ಪ್ರೀತಿಯಿಂದ ಮಾಡಿದ ಕೆಲಸವೇ ಕೂಸಿಗೆ ಮುಳುವಾಗುತ್ತಿದೆ ಎಂದು ಆಕೆಗೆ ಹೊಳೆಯಲಿಲ್ಲ. ಒಂದು ಸಂಜೆ ಕೂಸಿನ ತುಟಿ ನೀಲಿಗಟ್ಟಿತು. ಇನಾಯತ ಆಟೊದಲ್ಲೇ ತಾಯಿ ಮಗುವನ್ನು ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿಂದ ಬಿಟ್ಟ ಮೇಲೆ ಫರ್ಜಾನಾ ಸವಣೂರಿಗೆ ಬರಲಿಲ್ಲ. ನೇರ ದುಂಡಸಿಗೆ ಹೋದಳು.

ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಅಂದರು. ಸೊಸೆಗೆ ಅತ್ತೆಯ ಮನೆ ಸೇರಲಿಲ್ಲ ಎಂದರು, ಕಣ್ಣು ತಾಗಿದೆ ಎಂದರು. ಒಂದು ಮುಂಜಾನೆ ಕುಲಸುಮಬಿ ತೊಳೆದ ಸೀರೆ ಉಟ್ಟು ದುಂಡಸಿಯ ಬಸ್ಸು ಹತ್ತಿದಳು.

ಬೀಗರ ಮನೆಯ ಕಟ್ಟೆಯ ಮೇಲೆ, ಬೇವಿನ ನೆರಳಿನಲ್ಲಿ, ಕೂಸು ಬರಿಯ ಚಾಪೆಯ ಮೇಲೆ ಮಲಗಿತ್ತು. ಕುಲಸುಮಬಿ ಬಗ್ಗಿ ಕಿವಿಗೊಟ್ಟಳು. ಏನೂ ಕೇಳಲಿಲ್ಲ. ಭಯವಾಗಿ ಮೂಗಿನ ಹತ್ತಿರ ಬೆರಳು ಹಿಡಿದಳು, ಬೆಚ್ಚಗಿನ ಉಸಿರು ತಾಗಿತು. ಸದ್ದಿಲ್ಲದೆ ಉಸಿರಾಡುವ ತನ್ನ ಮೊಮ್ಮಗಳನ್ನು ಆಕೆ ನೋಡಿ ಬಹಳ ದಿನವಾಗಿತ್ತು.

ಫರ್ಜಾನಾ ಚಹಾ ತಂದಿಟ್ಟು ಎದುರಿಗೆ ಕುಳಿತಳು. ಹೇಳಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಬಳೆ ತಿರುವಿದಳು.

“ಅತ್ತಿ, ನಿಮ್ಮ ಮನಿ ಹೊಲಸ ಐತಿ ಅಂತ ನಾ ಎಂದೂ ಅನ್ನಂಗಿಲ್ರಿ. ಅಷ್ಟ ಸ್ವಚ್ಛ ನಮ್ಮವ್ವನ ಮನೀನೂ ಇಲ್ಲ. ಆದ್ರ ಅಲ್ಲಿ ಹೊರಗಿನ ಗಾಳಿ ಒಳಗ ಬರಂಗಿಲ್ಲ, ಒಳಗಿಂದು ಹೊರಗ ಹೋಗಂಗಿಲ್ಲ. ಈಕಿ ಉಸಿರು ಸುಮ್ನ ಆಡೂ ತನಕಾ ನಾ ಇಲ್ಲೇ ಇರ್ತೇನಿ. ಸಿಟ್ಟಾಗಬ್ಯಾಡ್ರಿ.”

ಕುಲಸುಮಬಿಗೆ ಸಿಟ್ಟು ಬರಲಿಲ್ಲ. ತನ್ನ ಮನೆಯಿಂದ ಎದ್ದು ಹೋದ ಸೊಸೆಯ ಮೇಲೆ ಬರಬೇಕಾದ ಸಿಟ್ಟು ಎಲ್ಲಿ ಹೋಯಿತೆಂದು ಆಕೆಗೇ ಆಶ್ಚರ್ಯವಾಯಿತು. ಕೂಸನ್ನು ಉಳಿಸಿಕೊಳ್ಳಲು ಈ ಹುಡುಗಿ ಯಾರ ಮಾತಿಗೂ ಅಂಜಲಿಲ್ಲವಲ್ಲ ಎಂದು ಅನ್ನಿಸಿತು. ಕೂಸಿನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದಳು.

ಸವಣೂರಿಗೆ ಬಂದ ಮೇಲೆ, ಫರ್ಜಾನಾ ಅವಸರದಲ್ಲಿ ಬಿಟ್ಟುಹೋದ ಕಪ್ಪು ಬುರ್ಖಾ ಗೂಟದಲ್ಲಿ ಕಂಡಿತು. ಅದನ್ನು ಒಗೆದು ಹಾಕಿದಳು. ಹೊರಗೆ ಜಿಟಿಜಿಟಿ ಹನಿಯುತ್ತಿತ್ತಾದ್ದರಿಂದ ಪಡಸಾಲೆಯಲ್ಲೇ ಹಗ್ಗ ಕಟ್ಟಿ ಹರವಿದಳು. ಸಂಜೆಯ ಕಸ ಗುಡಿಸಿದಳು, ಲೋಬಾನ ಹಾಕಿದಳು, ಉಂಡು ಮಲಗಿದಳು. ಬೆಳಗ್ಗೆ ನೋಡಿದರೆ ಬುರ್ಖಾದ ಮೇಲೆ ಬೂದಿ ಚೆಲ್ಲಿದಂತೆ ನವಿರಾದ ಬಿಳಿ ಪದರ. ಸರಿಯಾಗಿ ಜಾಲಾಡಲಿಲ್ಲವೇನೋ ಎಂದುಕೊಂಡು ಮತ್ತೆ ಒಗೆದಳು. ಹಿಂಡಿ, ಅದೇ ಹಗ್ಗಕ್ಕೆ ಹಾಕಿ, ಬೆಳಗಿನ ಕಸಬರಿಗೆ ಕೈಗೆತ್ತಿಕೊಂಡಳು. ಗುಡಿಸಿ ಮುಗಿಸಿ ತಿರುಗಿ ನೋಡುವಷ್ಟರಲ್ಲಿ ಒದ್ದೆಯ ಕಪ್ಪು ಬಟ್ಟೆಯ ಮೇಲೆ ಆ ಬಿಳುಪು ಮತ್ತೆ ಕೂಡುತ್ತಿತ್ತು. ಆ ದಿನ ಗಾದಿ ಬಿಚ್ಚಿರಲಿಲ್ಲ, ಬಡಿದಿರಲಿಲ್ಲ. ನೆಲದಲ್ಲಿ, ಜಂತಿಯಲ್ಲಿ ಸುಮ್ಮನೆ ಕುಳಿತಿದ್ದುದನ್ನು ಎಬ್ಬಿಸಿದ್ದು ತನ್ನ ಕಸಬರಿಗೆ.

ಆಕೆ ಕಸಬರಿಗೆ ಬದಿಗಿಟ್ಟು ನೆಲದ ಮೇಲೆ ಕುಳಿತಳು. ಬಟ್ಟೆಯ ಮೇಲೆ ಇಷ್ಟು ಕುಳಿತಿದ್ದರೆ ಎದೆಯೊಳಗೆ ಎಷ್ಟು ಇಳಿದಿರಬಹುದು. ಜಮಾಲಸಾಬನಿಗೂ ಕೊನೆಯ ವರ್ಷಗಳಲ್ಲಿ ಇಂಥದೇ ಕೆಮ್ಮಿತ್ತು. ಯಾರೂ ಅದನ್ನು ಕಾಯಿಲೆ ಎಂದು ಕರೆದಿರಲಿಲ್ಲ.

ಮಧ್ಯಾಹ್ನ ಇನಾಯತ ಬಂದಾಗ ಬುರ್ಖಾ ತೋರಿಸಿದಳು. ಅವನು ಬೆರಳಿನಿಂದ ಒರೆಸಿ ನೋಡಿದ. ಎಷ್ಟೋ ದಿನದಿಂದ ನಾಲಗೆಯ ಮೇಲಿದ್ದ ಮಾತು ಆಗ ಹೊರಬಿತ್ತು.

“ಅವ್ವಾ, ಈ ಕೆಲಸ ಬಿಟ್ಟಬಿಡು. ನಾ ದುಡಿಯಾಕತ್ತೇನಲ್ಲ.”

“ಬಿಡ್ತೇನಿ” ಎಂದಳು ಕುಲಸುಮಬಿ.

ಇಷ್ಟು ಬೇಗ ಒಪ್ಪಿಯಾಳು ಎಂದು ಅವನು ಎಣಿಸಿರಲಿಲ್ಲ. ಬೇರೆ ಕಡೆ ಕುಳಿತು ಮಾಡಬಹುದಲ್ಲ, ಹೊರಗೆ ಕಟ್ಟೆಯ ಮೇಲೆ ಎಂದು ಅವನೇ ದಾರಿ ಹುಡುಕಿದ. ಆಕೆ ತಲೆ ಅಲ್ಲಾಡಿಸಿದಳು. ಕಟ್ಟೆಯ ಮೇಲೆ ಮಂದಿಯ ಗಾದಿ ಬಿಚ್ಚುವುದು ತನ್ನ ಕೈಯಿಂದ ಆಗದು. ಒಳಗೆ ಮಾಡಿದರೆ ಕೂಸು ಬಾರದು. ಎರಡರಲ್ಲಿ ಬಿಡಬಹುದಾದದ್ದು ಕೆಲಸ ಒಂದೇ. ಆದರೆ ಆ ದಿನ ಆಕೆಗೆ ಊಟ ಸೇರಲಿಲ್ಲ. ಮದುವೆಯ ಕಾಲ ಹತ್ತಿರ ಬಂದಿತ್ತು, ಮೂಲೆಯಲ್ಲಿ ಗಾದಿಗಳು ಸುತ್ತಿಕೊಂಡು ಕಾಯುತ್ತಿದ್ದವು. ಒಬ್ಬೊಬ್ಬರಿಗೇ ಹೇಳಿಕಳಿಸಿ ಅವನ್ನು ಬಿಚ್ಚದೆಯೇ ಮರಳಿಸತೊಡಗಿದಳು.

ಹಿತ್ತಲಿಗೆ ಹಿತ್ತಲು ಕೂಡಿಕೊಂಡಿರುವ ಮನೆ ಸರೋಜವ್ವನದು. ನಡುಗೋಡೆಯಲ್ಲಿ ಒಂದು ಸಣ್ಣ ಬಾಗಿಲು ಇದೆ. ಆ ಕಡೆಯಿಂದ ಮಜ್ಜಿಗೆ, ಈ ಕಡೆಯಿಂದ ಹಬ್ಬದ ಸುರಕುಂಬಾ ಪಾಯಸ ಅದರೊಳಗಿಂದಲೇ ಓಡಾಡುತ್ತವೆ. ವಯಸ್ಸಿನಲ್ಲಿ ಹಿರಿಯಳು, ಮಾತಿನಲ್ಲಿ ಖಾರ. ನಾಲ್ಕಾರು ದಿನ ಕಳೆದ ಮೇಲೆ ಆಕೆ ಆ ಬಾಗಿಲಿನಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏ ಕುಲಸುಮಾ, ನಿನ್ನ ಬಡಿಗಿಗೆ ಏನಾತು? ಆ ಸಪ್ಪಳಾ ಇಲ್ಲದ ನನಗ ಮಧ್ಯಾಹ್ನದ ನಿದ್ದಿ ಹತ್ತವಲ್ದು.”

“ಇನ್ನ ಆ ಸಪ್ಪಳಾ ಇಲ್ಲರಿ ಅಕ್ಕಾ. ನಿದ್ದಿಗೆ ಗುಳಗಿ ತಗೋರಿ” ಎಂದಳು ಕುಲಸುಮಬಿ. ನಗಿಸಲು ಅಂದದ್ದು, ಸರೋಜವ್ವ ನಗಲಿಲ್ಲ. ಆಮೇಲೆ ಕೂತು ಎಲ್ಲವನ್ನೂ ಹೇಳಿದಳು.

ಸರೋಜವ್ವ ಪೂರ್ತಿ ಕೇಳಿದಳು. ಹಿಂದಿರುಗಿ ತನ್ನ ಹಿತ್ತಲಿನ ಕಡೆ ನೋಡಿದಳು. ಅಲ್ಲಿ ಎಮ್ಮೆಯ ಕೊಟ್ಟಿಗೆ ಖಾಲಿ ಬಿದ್ದಿತ್ತು. ಮಂಡಿನೋವು ಹೆಚ್ಚಾಗಿ ಎಮ್ಮೆ ಮಾರಿದ್ದಳು. ಮೂರು ಕಡೆ ಎದೆಮಟ್ಟದ ಗೋಡೆ, ಮೇಲೆ ತಗಡು, ಗೋಡೆಗೂ ತಗಡಿಗೂ ನಡುವೆ ಗಾಳಿಗೆ ಬೇಕಾದಷ್ಟು ದಾರಿ. ಹಿಂದೆ ಬಯಲು, ಓಣಿಯ ಕಣ್ಣು ಬೀಳುವುದಿಲ್ಲ. ಅಲ್ಲಿ ಕುಳಿತು ಕೆಲಸ ಮಾಡು ಎಂದಳು. ಎಮ್ಮೆ ನಿಂತ ಜಾಗ, ನಿನ್ನ ಮರ್ಯಾದೆಗೆ ಕಮ್ಮಿಯಾದರೆ ಹೇಳು ಎಂದು ಕುಟುಕಿದಳು.

ಕುಲಸುಮಬಿ ಕೂಡಲೇ ಹೂಂ ಅನ್ನಲಿಲ್ಲ. ಕೊಟ್ಟಿಗೆಯ ನಾಲ್ಕನೆಯ ಕಡೆ ಸರೋಜವ್ವನ ಹಿತ್ತಲಿಗೆ ತೆರೆದುಕೊಂಡಿತ್ತು. ಅಡುಗೆಮನೆಯಲ್ಲಿ ನಿಂತರೆ ಎಲ್ಲ ಕಾಣುತ್ತದೆ. ಇಷ್ಟು ದೊಡ್ಡ ಉಪಕಾರಕ್ಕೆ ಎದುರಾಗಿ ಆ ಮಾತನ್ನು ಹೇಗೆ ಆಡುವುದೆಂದು ತಡವರಿಸಿದಳು. ಸರೋಜವ್ವನಿಗೆ ಅದು ಹೇಳದೆಯೇ ತಿಳಿಯಿತು.

“ನೀ ಅಲ್ಲಿ ಕುಂತಾಗ ನಾ ಹಿತ್ತಲ ಬಾಗಲಾ ಹಾಕ್ಕೋತೇನಿ. ಯಾರ ಗಾದಿ ಅಂತ ಕೇಳಂಗಿಲ್ಲ, ಹಣಿಕಿ ಹಾಕಿ ನೋಡಂಗಿಲ್ಲ.” ಇನ್ನಷ್ಟು ಹತ್ತಿರ ಬಂದಳು. ದನಿ ತಗ್ಗಿಸಿ ಹೇಳಿದಳು. “ನನ್ನ ಮಗಳು ಪೂಜಾನ ಗಾದಿ ಪ್ರತಿ ವರ್ಷಾ ಬಿಚ್ಚಿದಾಕಿ ನೀನ. ಹುಡುಗಿ ಮೈನೆರದರೂ ರಾತ್ರಿ ಹಾಸಿಗಿ ತೋಯಿಸ್ತಿದ್ಲು. ನೀ ಒಮ್ಮಿನೂ ಕೇಳಲಿಲ್ಲ. ಒಳಗ ರಬ್ಬರ ಹಾಳಿ ಇಟ್ಟ, ಹೊಲದ, ಸುಮ್ನ ಕೊಟ್ಟ ಹೋಗ್ತಿದ್ದಿ. ಈ ಓಣ್ಯಾಗ ಒಬ್ಬರ ಬಾಯಾಗ ಆ ಮಾತು ಬಂದಿದ್ರ ಆಕಿ ಲಗ್ನ ಆಗ್ತಿತ್ತೇನ? ಆ ಋಣಾ ನನ್ನ ತಲಿ ಮ್ಯಾಲೆ ಹಂಗ ಐತಿ. ಹೇಳಾಕ ಹೊತ್ತು ಬಂದಿರಲಿಲ್ಲ.”

ಕುಲಸುಮಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ರಬ್ಬರ್ ಹಾಳೆಯನ್ನು ತಾನು ಮರೆತೇಬಿಟ್ಟಿದ್ದಳು. ಅದು ಉಪಕಾರವೆಂದು ಮಾಡಿದ್ದಲ್ಲ, ಹೊಲಿಯುವಾಗ ಕೈಗೆ ತೋಚಿದ್ದು. ಅದನ್ನು ಒಬ್ಬ ತಾಯಿ ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದಳು.

ಮರುದಿನದಿಂದ ಮನೆ ಬಿಡಿಸುವ ಕೆಲಸ ಶುರುವಾಯಿತು. ಇನಾಯತ ಎರಡು ದಿನ ಆಟೊ ನಿಲ್ಲಿಸಿದ. ಅಟ್ಟದ ಮೇಲಿನ ಹಳೆಯ ಗವಸು, ಚಿಂದಿ, ಯಾರೂ ಕೇಳದ ಅರಳೆಯ ಮೂಟೆಗಳನ್ನೆಲ್ಲ ಇಳಿಸಿ ಹೊರಗೆ ಸಾಗಿಸಿದ. ಕಿಟಕಿಯ ಹಲಗೆಯ ಮೊಳೆಗಳು ತುಕ್ಕು ಹಿಡಿದು ಬರಲೊಲ್ಲವು. ಜಗ್ಗಿದಾಗ ಚೌಕಟ್ಟೇ ಕಿತ್ತು ಬಂತು. ಹೊಸ ಚೌಕಟ್ಟಿಗೆ ಸಣ್ಣ ಜಾಲರಿ ಹಾಕಿಸಿದರು. ಬೆಳಕಿಂಡಿಯೊಳಗಿನ ಚಿಂದಿ ಎಳೆದಾಗ ಬಿದ್ದ ಕಸ ಒಂದು ಬುಟ್ಟಿ ತುಂಬಿತು. ಒಣ ಕಸಬರಿಗೆಯನ್ನು ಕುಲಸುಮಬಿ ಒಳಗೆ ತರಲೇ ಇಲ್ಲ. ಕೋಲಿಗೆ ಒದ್ದೆ ಬಟ್ಟೆ ಸುತ್ತಿ ಜಂತಿಗಳನ್ನು ಮೇಲಿನಿಂದ ಕೆಳಗೆ ಒರೆಸಿದಳು, ಬಕೆಟ್ಟಿನ ನೀರು ಬೂದುಬಣ್ಣಕ್ಕೆ ತಿರುಗಿದ ಹಾಗೆಲ್ಲ ಚೆಲ್ಲಿ ಬೇರೆ ನೀರು ಹಿಡಿದಳು. ಗೋಡೆಗೆ ಸುಣ್ಣ ಹೊಡೆದರು. ಸುಣ್ಣದ ವಾಸನೆ ಹೋಗುವವರೆಗೆ ಎದುರುಬದುರಿನ ಬಾಗಿಲು ಕಿಟಕಿಗಳನ್ನು ತೆಗೆದೇ ಇಟ್ಟರು. ಓಣಿಯಿಂದ ಬಂದ ಗಾಳಿ ಪಡಸಾಲೆಯನ್ನು ದಾಟಿ ಹಿತ್ತಲಿಗೆ ಹೋಗುವುದನ್ನು ಕುಲಸುಮಬಿ ಕೆನ್ನೆಯ ಮೇಲೆ ಅರಿತಳು. ಮದುವೆಯಾಗಿ ಬಂದ ದಿನದಿಂದ ಆ ಮನೆಯಲ್ಲಿ ಗಾಳಿಗೆ ಅಂಥ ದಾರಿ ಇರಲಿಲ್ಲ.

ಕೊಟ್ಟಿಗೆಯಲ್ಲಿ ಕೆಲಸಕ್ಕೊಂದು ರೀತಿ ಹುಟ್ಟಿತು. ಮೊದಲು ನೆಲಕ್ಕೆ ನೀರು ಚಿಮುಕಿಸುವುದು. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿ, ಅದಕ್ಕೆ ಬೆನ್ನು ಕೊಟ್ಟು ಕೂರುವುದು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದು. ಕೆಲಸದ ಸೀರೆ ಕೊಟ್ಟಿಗೆಯ ಗೂಟಕ್ಕೇ ಇರಬೇಕು, ಕೈಕಾಲು ಮುಖ ತೊಳೆದು ಬೇರೆ ಸೀರೆ ಉಟ್ಟ ಮೇಲೆಯೇ ನಡುಗೋಡೆಯ ಬಾಗಿಲು ದಾಟಬೇಕು. ಲೋಬಾನವನ್ನು ಆಕೆ ಬಿಡಲಿಲ್ಲ, ಗುರುವಾರ ಸಂಜೆ ಹೊರಗಿನ ಕಟ್ಟೆಯ ಮೇಲೆ ಹಚ್ಚಿದಳು. ಹೊಗೆ ಆಕಾಶಕ್ಕೆ ಹೋದರೆ ದುವಾ ಬೇಗ ಮುಟ್ಟುತ್ತದೆ ಎಂದು ಇನಾಯತ ನಗೆಯಾಡಿದ. ಸರೋಜವ್ವ ಆಡಿದಂತೆಯೇ ನಡೆದಳು. ಬಡಿಗೆಯ ಸದ್ದು ಏಳುವ ಮೊದಲೇ ಆಕೆಯ ಹಿತ್ತಲ ಬಾಗಿಲಿನ ಅಗುಳಿ ಬೀಳುವುದು ಕೇಳುತ್ತಿತ್ತು. ಮರಳಿಸಿದ ಗಾದಿಗಳು ಒಂದೊಂದಾಗಿ ತಿರುಗಿ ಬಂದವು. ಕೆಲಸ ಎಲ್ಲಿ ನಡೆಯುತ್ತದೆಂದು ತಿಳಿದ ಕೆಲವರು ಮೊದಲು ಅನುಮಾನಿಸಿದರು. ಬಂದು, ಸುತ್ತ ನೋಡಿ, ಗಾದಿ ಇಳಿಸಿ ಹೋದರು.

ಚಳಿ ಬಿದ್ದ ಮೇಲೆ ಒಂದು ಬೆಳಗ್ಗೆ ಚಹಾ ಕುಡಿಯುತ್ತಿದ್ದಾಗ ಕುಲಸುಮಬಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಯೋಚಿಸಿ ನೋಡಿದಳು. ತಾನು ಎದ್ದಾಗಿನಿಂದ ಕೆಮ್ಮಿರಲಿಲ್ಲ. ಅಂದೇ ಮಗನಿಗೆ ಹೇಳಿದಳು, ದುಂಡಸಿಗೆ ಹೋಗು, ಬಾ ಅಂತ ಒತ್ತಾಯ ಮಾಡಬೇಡ, ಒಮ್ಮೆ ಬಂದು ನೋಡಿಹೋಗಲಿ ಅನ್ನು.

ಫರ್ಜಾನಾ ಬಂದಳು. ಕೈಯಲ್ಲೊಂದು ಚೀಲ, ಸೊಂಟದ ಮೇಲೆ ಕೂಸು. ಚೀಲವನ್ನು ಹೊಸ್ತಿಲ ಒಳಗೆ ಬಾಗಿಲ ಪಕ್ಕವೇ ಇಟ್ಟಳು. ಬೇಕೆಂದಾಗ ಎತ್ತಿಕೊಂಡು ನಡೆಯಲು ಅನುಕೂಲವಾದ ಜಾಗ ಅದು. ಕುಲಸುಮಬಿ ಅದನ್ನು ನೋಡಿದಳು, ನೋಡದವಳಂತೆ ಇದ್ದಳು. ಮನೆಯಲ್ಲಿ ಏನೇನು ಮಾಡಿದ್ದೇವೆ ಎಂದು ತೋರಿಸಲೂ ಹೋಗಲಿಲ್ಲ. ಫರ್ಜಾನಾ ತಾನೇ ಜಂತಿ ನೋಡಿದಳು, ಕಿಟಕಿಯ ಜಾಲರಿ ಮುಟ್ಟಿದಳು. ಮಧ್ಯಾಹ್ನ ಕೂಸು ಕಿಟಕಿಯ ಹತ್ತಿರ ಮಲಗಿತು. ಅತ್ತೆ ಒಂದು ಬದಿಗೆ, ಸೊಸೆ ಒಂದು ಬದಿಗೆ ಕುಳಿತು ಕಿವಿಗೊಟ್ಟರು. ಓಣಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಕೇಳಿತು, ಕಾಗೆ ಕೂಗಿದ್ದು ಕೇಳಿತು, ಕೂಸಿನ ಎದೆಯ ಸದ್ದು ಕೇಳಲಿಲ್ಲ. ಸಂಜೆಯೂ ಹಾಗೆಯೇ ಕಳೆಯಿತು, ಮರುದಿನವೂ. ಕೂಸು ಹಾಲು ಕುಡಿಯಲು ಹಿಡಿದರೆ ತೃಪ್ತಿಯಾಗುವವರೆಗೆ ಮೊಲೆ ಬಿಡುತ್ತಿರಲಿಲ್ಲ.

ಆ ವಾರವೇ ಒಂದು ದಿನ ಕುಲಸುಮಬಿ ಕೊಟ್ಟಿಗೆಯಿಂದ ಬಂದು, ಕೈಕಾಲು ತೊಳೆದು, ಸೀರೆ ಬದಲಿಸಿ ಒಳಗೆ ಕಾಲಿಟ್ಟಳು. ಬಾಗಿಲ ಪಕ್ಕ ಚೀಲ ಇರಲಿಲ್ಲ. ಅವಸರದಲ್ಲಿ ಒಳಕೋಣೆಗೆ ಬಂದು ನೋಡಿದರೆ ಫರ್ಜಾನಾ ಕೂಸಿನ ಅಂಗಿಗಳನ್ನು ಒಂದೊಂದಾಗಿ ಮಡಚಿ ಗೂಡಿನಲ್ಲಿ ಜೋಡಿಸುತ್ತಿದ್ದಳು. ಖಾಲಿಯಾದ ಚೀಲ ಮಡಚಿಕೊಂಡು ಕೆಳಗೆ ಬಿದ್ದಿತ್ತು.

“ಅತ್ತಿ, ಈ ಗೂಡು ಸಣ್ಣದಾಗತೈತ್ರಿ” ಎಂದಳು ಫರ್ಜಾನಾ, ತಿರುಗಿ ನೋಡದೆ. “ಬೇಸಿಗ್ಯಾಗ ಇನ್ನೊಂದು ಹಲಿಗಿ ಬಡಸೂಣೇನು?”

ಬಡಸೋಣ ಎಂದಳು ಕುಲಸುಮಬಿ. ಆಮೇಲೆ ಹೊರಗೆ ಬಂದು ನಡುಗೋಡೆಯ ಬಾಗಿಲಲ್ಲಿ ನಿಂತಳು. ಆ ಕಡೆ ಸರೋಜವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಏನಾಯಿತೆಂದು ಆಕೆ ಹುಬ್ಬಿನಲ್ಲೇ ಕೇಳಿದಳು. ಕುಲಸುಮಬಿ ದುವಾ ಮಾಡುವಂತೆ ಎರಡೂ ಅಂಗೈಗಳನ್ನು ಮೇಲೆತ್ತಿದಳು, ಅವನ್ನು ಮುಖಕ್ಕೆ ಸವರಿಕೊಂಡಳು. ಸರೋಜವ್ವ ತಲೆದೂಗಿ, ಜೋಳದ ಮೊರ ಕೆಳಗಿಟ್ಟು, ಕೂಸನ್ನು ನೋಡಲು ಮಂಡಿ ಹಿಡಿದುಕೊಂಡು ಎದ್ದಳು.